ಅಕ್ಕನ ಫೋನಿನೊಳಗಿನ ಗುದ್ದು

ನನ್ನ ಮಗಳಿಗೆ ಹೆಸರಿಟ್ಟ ದಿನ ಏನೇನಾಯಿತು ಎಂಬುದು ನನಗೆ ಸರಿಯಾಗಿ ಗೊತ್ತಿಲ್ಲ. ಗೊತ್ತಿದೆ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡೇ ಹೋದ ತಿಂಗಳು ಪೇಪರಿನ ಇದೇ ಅಂಕಣದಲ್ಲಿ ಬರೆದೂಬಿಟ್ಟೆ. ಕಮಲಾಪುರದಿಂದ ಬರಬೇಕಿದ್ದ ಅಕ್ಕನಿಗೆ ಬಸ್ಸು ತಪ್ಪಿತು, ಪಕ್ಕದ ಮನೆಯ ನೀಲಮ್ಮ ಕಾಕು ಕೂಸಿನ ಕಿವಿಯಲ್ಲಿ ಹೆಸರು ಹೇಳಿದರು, ನೆರೆಹೊರೆ ಅಂದರೆ ಇದಲ್ಲವೇ, ಇತ್ಯಾದಿ. (ಬಹಳ ಚೆಂದ ಇತ್ತು ಎಂದು ನಿಮ್ಮಲ್ಲಿ ಕೆಲವರು ಹೇಳಿದಿರಿ. ದಯವಿಟ್ಟು ಆ ಮಾತು ವಾಪಸ್ ತಗೊಳ್ಳಿ.)

ಯಾರೋ ಅದನ್ನು ಅಕ್ಕನಿಗೆ ಓದಿ ಹೇಳಿದರು. ಅಕ್ಕನ ಫೋನ್ ಬಂತು.

"ಅಲ್ಲೋ ತಮ್ಮಾ, ನಾ ಬಂದೇ ಇಲ್ಲಂತ ಪೇಪರ್‌ದಾಗ ಹಾಕೀದಿಯಂತಲ್ಲ?"

"ಅವತ್ತು ಬಸ್ಸು ತಪ್ಪಿತ್ತಲ್ಲಕ್ಕಾ..."

"ಬಸ್ಸು ತಡಾ ಆಗಿತ್ತು. ತಡಾ ಆಗೋದು ಬ್ಯಾರೆ, ಬರಲಾರದೇ ಇರೋದು ಬ್ಯಾರೆ. ಹೆಸರು ಹೇಳಿದಾಕಿ ನಾ, ಗುದ್ದು ತಿಂದಾಕಿ ನಾ. ಮಾನ ಮಾತ್ರ ನೀಲಮ್ಮಗೇನು?"

ಗುದ್ದಿನ ವಿಷಯ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ತೊಟ್ಟಿಲ ಕಾರ್ಯದಲ್ಲಿ ಸೋದರತ್ತೆ ಬಗ್ಗಿ, ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಊದಿ ಹೆಸರು ಹೇಳಬೇಕು. ಆಕೆ ಬಗ್ಗಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಧಬಧಬ ಗುದ್ದಬೇಕು. ಯಾಕೆ ಎಂದು ಕೇಳಬೇಡಿ. ಗುದ್ದು ಜೋರಾಗಿ ಬಿದ್ದಷ್ಟೂ ಸೋದರತ್ತೆಗೆ ಹೆಮ್ಮೆ ಜಾಸ್ತಿ.

ಅಕ್ಕನಿಗೆ ನಾನೊಬ್ಬನೇ ತಮ್ಮ. ನನಗೆ ಒಬ್ಬಳೇ ಮಗಳು. ಅಂದರೆ ಅಕ್ಕನ ಜೀವಮಾನದಲ್ಲಿ ಆ ಗುದ್ದು ಬಿದ್ದದ್ದು ಒಂದೇ ಸಲ. ಅದನ್ನೂ ನಾನು ಪೇಪರಿನಲ್ಲಿ ಅಚ್ಚು ಹಾಕಿಸಿ ಇನ್ನೊಬ್ಬರಿಗೆ ಕೊಟ್ಟಿದ್ದೆ.

"ನನ್ನ ಫೋನಿನಾಗ ಅದ ಅದು," ಅಂದಳು ಅಕ್ಕ. "ಬಂದು ಕೇಳು. ಆಮ್ಯಾಲೆ ಪೇಪರ್‌ದಾಗ ಖರೇ ಬರೀ."

ಇಷ್ಟಾದರೂ ನನಗೆ ಅನುಮಾನವೇ. ಕಲಬುರಗಿಯ ಬ್ರಹ್ಮಪುರದ ಆ ಬಾಡಿಗೆ ಮನೆ, ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿದ್ದ ನಾನು, ತೊಟ್ಟಿಲ ಮೇಲೆ ಬಗ್ಗಿದ ನೀಲಮ್ಮ ಕಾಕುವಿನ ಹಸಿರು ಸೀರೆ... ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಅಕ್ಕ ಮಾತ್ರ ಆ ಚಿತ್ರದಲ್ಲಿ ಎಲ್ಲೂ ಇಲ್ಲ. ವಿಶ್ವವಿದ್ಯಾಲಯದಲ್ಲಿ ನಮಗೆ ಕಲಿಸಿದ್ದು ಒಂದೇ ಪ್ರಶ್ನೆ: ಆಧಾರ ಏನು? ಸರಿ, ಆಧಾರ ನೋಡಲು ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಹತ್ತಿದೆ.

ಅಕ್ಕನದು ಬಟನ್ ಫೋನು. ಅಂಕಿಗಳು ಸವೆದು ಹೋಗಿವೆ. ಸ್ಪೀಕರ್ ಹರಿದಿದೆ. ರೆಕಾರ್ಡಿಂಗ್ ಹಾಕಿದರೆ ತಗಡಿನ ಡಬ್ಬಿಯಲ್ಲಿ ತೊಗರಿ ಕಾಳು ಅಲ್ಲಾಡಿಸಿದ ಸದ್ದು, ಅಷ್ಟೇ.

"ಕೇಳ್ದೇನು? ನಾನೇ ಅದು," ಅಂದಳು ಅಕ್ಕ.

"ಇದರಾಗ ನೀನೂ ಇಲ್ಲ, ನೀಲಮ್ಮನೂ ಇಲ್ಲಕ್ಕಾ. ಕಂಪ್ಯೂಟರ್‌ಗೆ ತಗೊಂಡು ಕೇಳಬೇಕು."

ಹೇಗೆ ತಗೊಳ್ಳುವುದು? ಮೆಮೊರಿ ಕಾರ್ಡ್ ಹಾಕಲು ಜಾಗವಿಲ್ಲ. ಇಂಟರ್‌ನೆಟ್ ಇಲ್ಲ. ವೈರ್ ಚುಚ್ಚುವ ಜಾಗ ಸಡಿಲ. ಉಳಿದದ್ದು ಬ್ಲೂಟೂತ್.

ಬ್ಲೂಟೂತ್! ಆ ಹೆಸರು ಬಾಯಲ್ಲಿ ಬಂದು ಎಷ್ಟು ವರ್ಷವಾಯಿತು? ಹಾಸ್ಟೆಲ್ ಬಿಟ್ಟ ಹೊಸದರಲ್ಲಿ ನೆಹರು ಗಂಜಿನ ಚಹಾದಂಗಡಿಯಲ್ಲಿ ನಾವು ಗೆಳೆಯರು ಎರಡು ಫೋನನ್ನು ತಲೆಗೆ ತಲೆ ತಾಗಿಸಿ ಟೇಬಲ್ ಮೇಲೆ ಮಲಗಿಸುತ್ತಿದ್ದೆವು. ಒಂದು ಹಾಡು ಈ ಕಡೆಯಿಂದ ಆ ಕಡೆಗೆ ಹೋಗುವಷ್ಟರಲ್ಲಿ ಚಹಾ ಆರುತ್ತಿತ್ತು. ನಡುವೆ ಯಾವನಾದರೂ ಎದ್ದರೆ "ಏಯ್, ದೂರ ಹೋಗಬ್ಯಾಡಲೇ, ಕಟ್ ಆಗ್ತದ!" ಎಂದು ಅಂಗಿ ಹಿಡಿದು ಕೂರಿಸುತ್ತಿದ್ದೆವು. ಕೊಟ್ಟದ್ದು ತಲುಪುವ ತನಕ ಪಕ್ಕದಲ್ಲೇ ಇರಬೇಕಿತ್ತು. ಈಗ ಒಂದು ಬೆರಳು ಒತ್ತಿದರೆ ಎಲ್ಲ ಹೋಗಿಬಿಡುತ್ತದೆ. ಒತ್ತಿದವನೂ ಎದ್ದು ಹೋಗಿಬಿಡುತ್ತಾನೆ. ಹಾಗೆ ಸುಮ್ಮನೆ ಒಬ್ಬರ ಪಕ್ಕ ಕೂತು ಎಷ್ಟು ದಿನವಾಯಿತು, ಹೇಳಿ?

ಲ್ಯಾಪ್‌ಟಾಪ್ ಸುತ್ತಮುತ್ತ ಹುಡುಕಿತು. ಯಾರದೋ ಟಿವಿ ಸಿಕ್ಕಿತು. ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರು ಮೂಡಿತು: 'ಅಕ್ಕಾ'. ಅಕ್ಕ ತನ್ನ ಫೋನಿಗೆ ತಾನೇ 'ಅಕ್ಕಾ' ಎಂದು ಹೆಸರಿಟ್ಟುಕೊಂಡಿರಲಾರಳು. ನಾನೇ ಇಟ್ಟಿರಬೇಕು. ಯಾವಾಗ? ನೆನಪಿಲ್ಲ.

ನಾಲ್ಕು ಸೊನ್ನೆ ಒತ್ತಿ ಜೋಡಿ ಮಾಡಿದೆ. ಕಳಿಸಿದೆ. ಫೇಲ್. ಮತ್ತೆ ಕಳಿಸಿದೆ. ಮತ್ತೆ ಫೇಲ್. ಫೋನಿನಿಂದ ಕಳಿಸುವ ಮೊದಲು ಕಂಪ್ಯೂಟರಿಗೆ 'ಫೈಲು ಬರ್ತದ, ತಗೋ' ಎಂದು ಹೇಳಿಡಬೇಕು. ಅದನ್ನೇ ಮರೆತಿದ್ದೆ. (ನನ್ನ ಮರೆವಿನ ಬಗ್ಗೆ ನಿಮಗೆ ಈಗಾಗಲೇ ಗೊತ್ತು.) ಅಷ್ಟರಲ್ಲಿ ಬ್ಯಾಟರಿ ಕೆಂಪಾಯಿತು. ಅಕ್ಕ ಚಾರ್ಜರಿನ ಪಿನ್ ಚುಚ್ಚಿ, ಬೆರಳಿನಿಂದ ಒತ್ತಿ ಹಿಡಿದಳು. ಬೆರಳು ತೆಗೆದರೆ ಚಾರ್ಜ್ ನಿಲ್ಲುತ್ತದೆ.

ಫೈಲು ಹೊರಟಿತು. ಆಕೆ ಅಲ್ಲಾಡುವಂತಿಲ್ಲ, ನಾನು ಏಳುವಂತಿಲ್ಲ.

"ಎಷ್ಟು ಬಂತೋ?"

"ಕಾಲು ಭಾಗ."

"ಇದಕ್ಕಿಂತ ನಮ್ಮ ಬಸ್ಸೇ ಚಲೋ. ತಡಾ ಆದ್ರೂ ಮುಟ್ಟಿಸ್ತದ." ನನ್ನ ಮುಖ ನೋಡದೆ ಅಂದಳು. ಪಿನ್ ಮತ್ತಷ್ಟು ಒತ್ತಿ ಹಿಡಿದು, "ಖರೇ ಹೇಳು ತಮ್ಮಾ, ನಾ ಬಂದದ್ದು ನಿನಗ ಜರಾನೂ ನೆನಪಿಲ್ಲೇನು?" ಎಂದು ಕೇಳಿದಳು.

ನಾನು ಪರದೆಯ ಮೇಲಿನ ಹಸಿರು ಗೆರೆಯನ್ನೇ ನೋಡುತ್ತ ಕೂತೆ.

ಕೊನೆಗೆ ಬಂತು. ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಹೆಂಗಸರ ಗದ್ದಲ. ಕುರ್ರ್! ಧಬ್ ಧಬ್ ಧಬ್. ಆಮೇಲೆ, ಸಂಶಯಕ್ಕೆ ಎಡೆಯಿಲ್ಲದ ಹಾಗೆ, ಅಕ್ಕನ ದನಿ: "ನೀಲಮ್ಮ ಕಾಕು, ಜರಾ ಮೆಲ್ಲಕ! ನನ್ನ ಬೆನ್ನು ಏನ್ ಬಡಿಯೋ ತೊಗರಿ ರಾಶಿ ಅಂದ್ಕೊಂಡೀರೇನು?"

ನೀಲಮ್ಮ ಕಾಕು ತೊಟ್ಟಿಲ ಮೇಲೆ ಬಗ್ಗಿದ್ದು ನಿಜವೇ. ಗುದ್ದುವುದಕ್ಕೆ. ನನ್ನ ನೆನಪಿನಲ್ಲಿ ಹಸಿರು ಸೀರೆ ಉಳಿದು, ಅದರ ಕೆಳಗಿದ್ದ ಅಕ್ಕ ಅಳಿಸಿಹೋಗಿದ್ದಳು.

ಅಕ್ಕ ನಕ್ಕಳು. ಸೆರಗಿನಿಂದ ಕಣ್ಣೂ ಒರೆಸಿಕೊಂಡಳು. ನಾನು ಮಾತ್ರ ಸುಮ್ಮನಿರದೆ, "ಆದ್ರ ಇದು ನಮ್ಮ ಮನೀದೇ ಕಾರ್ಯ ಅಂತ ಹ್ಯಾಂಗ ಹೇಳೋದು? ಕೂಸಿನ ಹೆಸರು ಕೇಳಿಸಲ್ಲಲ್ಲ?" ಅಂದೆ.

"ನಿನಗ ಬಾಳೆಹಣ್ಣು ಸುಲಿದು ಬಾಯಾಗ ಇಟ್ರೂ ಇದು ಬಾಳೆಹಣ್ಣೇ ಅಂತ ಆಧಾರ ಕೇಳ್ತಿ," ಅಂದ ಅಕ್ಕ ನಿಜಕ್ಕೂ ಕೆಂಪು ಬಾಳೆಯ ಒಂದು ಚಿಪ್ಪು ಚೀಲಕ್ಕೆ ಹಾಕಿ ಕಳಿಸಿದಳು.

ಕಲಬುರಗಿಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಮೊದಲಿಂದ ಕೇಳಿದೆ. ಗದ್ದಲ ಶುರುವಾಗುವುದಕ್ಕೂ ಮುಂಚೆ, ಮೈಕಿಗೆ ತೀರಾ ಹತ್ತಿರ, ಒಂದು ಗಂಡು ದನಿ ಪಿಸುಗುಟ್ಟುತ್ತದೆ: "ಅಕ್ಕಾ, ತಡಿ ತಡಿ, ನಿನ್ನ ಫೋನಿನಾಗ ರೆಕಾರ್ಡ್ ಒತ್ತೀನಿ. ಹಾಂ, ಈಗ ಬಗ್ಗು."

ಹೆಂಡತಿಯ ಕಿವಿಗೂ ಹೆಡ್‌ಫೋನ್ ಇಟ್ಟು ಖಚಿತಪಡಿಸಿಕೊಂಡೆ: ಆ ದನಿ ನನ್ನದೇ.