ಮಂದ್ರಕ್ಕನ ಹನ್ನೆರಡು ತಂತಿಗಳು

ಸಂಗೀತದ ಲೋಕದಲ್ಲಿ ಹಾಡುವವರಿಗೆ ಹೂಗುಚ್ಛ, ಗಿಟಾರ್ ನುಡಿಸುವವರಿಗೆ ಚಪ್ಪಾಳೆ, ಡ್ರಮ್ಸ್ ಬಾರಿಸುವವರಿಗೆ ಶಿಳ್ಳೆ ಸಲ್ಲುವುದು ವಾಡಿಕೆ. ಬೇಸ್ ಗಿಟಾರ್ ಹಿಡಿದು ಹಿಂದಿನ ಸಾಲಿನ ಮಬ್ಬಿನಲ್ಲಿ ನಿಂತವರಿಗೆ ಸಲ್ಲುವುದು, ಕಾರ್ಯಕ್ರಮ ಮುಗಿದ ಮೇಲೆ ಪೆಟ್ಟಿಗೆಗಳನ್ನು ವ್ಯಾನಿಗೆ ಏರಿಸುವ ಗೌರವ ಮಾತ್ರ. ಯಾರೂ ಕಿವಿಗೊಟ್ಟು ಕೇಳದ, ಆದರೆ ನಿಂತುಹೋದರೆ ಎಲ್ಲರೂ ತಿರುಗಿ ನೋಡುವ ಆ ಮಂದ್ರಸ್ವರವನ್ನೇ ಬದುಕಾಗಿಸಿಕೊಂಡು, ನಾಲ್ಕು ತಂತಿಗಳಿಂದ ಎಂಟಕ್ಕೂ ಎಂಟರಿಂದ ಹನ್ನೆರಡಕ್ಕೂ ನಡೆದುಹೋಗಿ, ನಮ್ಮ ಸಂಗೀತಶಾಲೆಯಲ್ಲಿ ಆ ವಾದ್ಯಕ್ಕೊಂದು ಕೊಠಡಿಯನ್ನೂ ಅದಕ್ಕಿಂತ ಮಿಗಿಲಾಗಿ ಒಂದು ಮರ್ಯಾದೆಯನ್ನೂ ಸಂಪಾದಿಸಿಕೊಟ್ಟವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಅಧ್ಯಾಪಕಿ. ಜವಾನರಿಂದ ಪ್ರಾಂಶುಪಾಲರವರೆಗೆ ಎಲ್ಲರೂ ಅವರನ್ನು ಕರೆಯುವುದು ಮಂದ್ರಕ್ಕ ಎಂದೇ.

ಈ ವಾದ್ಯದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಸಾಧಾರಣ ಬೇಸ್ ಗಿಟಾರಿಗೆ ದಪ್ಪನೆಯ ನಾಲ್ಕು ತಂತಿ. ಎಂಟು ತಂತಿಯದರಲ್ಲಿ ಪ್ರತಿ ದಪ್ಪ ತಂತಿಯ ಮಗ್ಗುಲಿಗೆ ಒಂದು ಸಣ್ಣ ತಂತಿ; ಸ್ವರ ಅದೇ, ಸ್ಥಾಯಿ ಮಾತ್ರ ಒಂದು ಮೇಲೆ. ಹನ್ನೆರಡು ತಂತಿಯದರಲ್ಲಿ ಅಂಥ ಸಣ್ಣ ತಂತಿಗಳು ಎರಡೆರಡು. ಬೆರಳು ಒತ್ತುವುದು ಒಂದೇ ಕಡೆ, ಮಾತಾಡುವವರು ಮೂವರು. ಮನೆಯ ಹಿರಿಯರು ಏನೋ ಹೇಳಿದರೆ ಪಕ್ಕದಲ್ಲಿ ಕೂತ ಎರಡು ಮಕ್ಕಳು ಅದನ್ನೇ ಎಳೆದನಿಯಲ್ಲಿ ಹೇಳಿದ ಹಾಗೆ. ಆ ಮೂರು ದನಿಗಳು ಪೂರ್ತಿ ಒಂದಾಗುವುದಿಲ್ಲ, ಬೇರೆಯೂ ಆಗುವುದಿಲ್ಲ. ಅವುಗಳ ನಡುವೆ ಏನೋ ತೇಲುತ್ತದೆ, ಮೆಲ್ಲಗೆ ನಡುಗುತ್ತದೆ, ಕೋಣೆಯ ಗೋಡೆಗಳು ಎಲ್ಲಿವೆ ಎಂಬುದೇ ಕೇಳುವವರಿಗೆ ಕ್ಷಣಕಾಲ ಮರೆತುಹೋಗುತ್ತದೆ. ಮಂದ್ರಕ್ಕನ ತರಗತಿಯಲ್ಲಿ ಮಧ್ಯಾಹ್ನದ ಹೊತ್ತು ಕೂತವರಿಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಆ ಸ್ಥಿತಿ ಚೆನ್ನಾಗಿ ಗೊತ್ತು. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕೊಡುವುದಿಲ್ಲ.

ಈ ಸುಖದ ಬೆನ್ನಿಗೇ ಒಂದು ಕಷ್ಟವೂ ಇದೆ, ಅದು ಶ್ರುತಿ. ಹನ್ನೆರಡರಲ್ಲಿ ಒಂದನ್ನು ಸರಿಮಾಡುವಷ್ಟರಲ್ಲಿ ಇನ್ನೊಂದು ಮುನಿಸಿಕೊಂಡಿರುತ್ತದೆ. ಗಿಟಾರಿನವರು ಚಹಾ ಕುಡಿದು, ಹರಟೆ ಹೊಡೆದು, ಮತ್ತೊಂದು ಚಹಾ ಕುಡಿದು ಬಂದರೂ ಇವರು ಬಿರಡೆ ತಿರುಗಿಸುತ್ತಲೇ ಇರುತ್ತಾರೆ. ಮಂದ್ರಕ್ಕನ ಬದುಕಿನ ಮುಖ್ಯ ಸಂಗತಿಗಳೆಲ್ಲ ನಡೆದದ್ದು ಹೀಗೆ ಬಿರಡೆ ತಿರುಗಿಸುವ ಹೊತ್ತಿನಲ್ಲೇ.

ಶಾಲೆಗೆ ಬರುವ ಮೊದಲು ಅವರು ದೊಡ್ಡ ಹೋಟೆಲೊಂದರ ನೃತ್ಯಶಾಲೆಯ ವಾದ್ಯತಂಡದಲ್ಲಿದ್ದರು. ಡ್ರಮ್ಸ್ ನುಡಿಸುತ್ತಿದ್ದವರು ಅವರ ಯಜಮಾನರು. ಗಿಟಾರ್ ಹಿಡಿದು ಹಾಡುತ್ತಿದ್ದವರು ಯಜಮಾನರ ಗೆಳೆಯರು. ಆರ್ಗನ್ ಮುಂದೆ ಕೂರುತ್ತಿದ್ದವರು ಮಂದ್ರಕ್ಕನ ಸ್ವಂತ ಅಣ್ಣ, ಅವರ ಬಾಯಲ್ಲಿ ಅಣ್ಣಯ್ಯ. ತಂಗಿಗೆ ಸ್ವರಜ್ಞಾನ ಕಲಿಸಿದವರೂ ಅವರೇ, ತಪ್ಪಿದರೆ ಎಲ್ಲರ ಮುಂದೆ ಬೈಯುತ್ತಿದ್ದವರೂ ಅವರೇ. ಬಣ್ಣದ ದೀಪಗಳ ಕೆಳಗೆ ಜೋಡಿಗಳು ಮೆಲ್ಲಗೆ ತಿರುಗುತ್ತಿದ್ದರೆ, ಆರ್ಗನ್ನಿನ ದನಿ ನೆಲದಿಂದ ಎದ್ದು ಹಾಲಿನ ಮೂಲೆ ಮೂಲೆಯನ್ನೂ ತುಂಬುತ್ತಿತ್ತು. ಅದರ ಅಡಿಯಲ್ಲಿ ತಮ್ಮ ನಾಲ್ಕು ತಂತಿಗಳನ್ನು ಮೀಟುತ್ತ ಕಣ್ಣು ಮುಚ್ಚಿ ನಿಲ್ಲುತ್ತಿದ್ದ ಆ ಸಂಜೆಗಳಷ್ಟು ನೆಮ್ಮದಿಯನ್ನು ತಾವು ಮತ್ತೆಲ್ಲೂ ಕಂಡಿಲ್ಲವೆಂದು ಮಂದ್ರಕ್ಕ ಇಂದಿಗೂ ಹೇಳುತ್ತಾರೆ.

ಒಂದು ಮುಂಜಾನೆ ಅಣ್ಣಯ್ಯನವರಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಬರುವ ಹೊತ್ತಿಗೆ ಮಾತು ಮರಳಿತ್ತು, ಕಾಲು ಮರಳಿತ್ತು, ಬಲಗೈ ಮರಳಲಿಲ್ಲ. ಮದುವೆಯಾಗದ ಅವರು ತಂಗಿಯ ಮನೆಯ ನಡುಕೋಣೆಯಲ್ಲಿ ಪರದೆ ಎಳೆದು ಮಲಗಿದರು. ಮನೆಯಲ್ಲಿ ಯಾರಾದರೂ ಸಂಗೀತದ ಸುದ್ದಿ ಎತ್ತಿದರೆ “ಬೇರೆ ಮಾತಾಡಿ” ಎಂದು ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಕೆಲವೇ ದಿನಗಳಲ್ಲಿ ಬೇರೆ ಮಾತೂ ನಿಂತಿತು.

ಇತ್ತ ಹೋಟೆಲಿನ ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡು ಬಂದರು. “ಹಾಲ್ ಖಾಲಿ ಖಾಲಿ ಅನ್ನಿಸ್ತಿದೆ. ಬೇರೆ ಆರ್ಗನ್‌ನವರನ್ನ ಕರ್ಕೊಂಡ್ಬನ್ನಿ, ಇಲ್ಲಾಂದ್ರೆ ನಾನು ಬೇರೆ ತಂಡ ನೋಡ್ಕೋತೀನಿ.” ಗಾಯಕರಿಗೆ ಪರಿಚಯದವರೊಬ್ಬರು ಸಿದ್ಧವಾಗಿಯೇ ಇದ್ದರು. ಆದರೆ ಆ ಪೀಠದಲ್ಲಿ ಇನ್ನೊಬ್ಬರು ಕೂತರೆಂಬ ಸುದ್ದಿ ನಡುಕೋಣೆಗೆ ತಲುಪಿದರೆ ಅಣ್ಣಯ್ಯ ಇನ್ನೆಂದೂ ಆ ಪರದೆ ಸರಿಸುವುದಿಲ್ಲವೆಂದು ಮಂದ್ರಕ್ಕನಿಗೆ ಖಾತ್ರಿಯಿತ್ತು.

“ಆ ಜಾಗಕ್ಕೆ ಯಾರೂ ಬರೋದು ಬೇಡ. ಮುಂದಿನ ಶನಿವಾರದವರೆಗೆ ಟೈಮ್ ಕೊಡಿ” ಎಂದರು.

“ನಾಲ್ಕು ತಂತೀಲಿ ಏನೇ ಮಾಡ್ತೀಯ?” ಎಂದು ಯಜಮಾನರು ಕೇಳಿದರು.

“ನಾಲ್ಕರಲ್ಲಿ ಆಗಲ್ಲ ಕಣ್ರೀ” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ವಾದ್ಯದಂಗಡಿಯ ಗೋಡೆಯಲ್ಲಿ ಎಂಟು ತಂತಿಯ ಬೇಸ್ ಗಿಟಾರೊಂದು ಬಹುಕಾಲದಿಂದ ಧೂಳು ತಿನ್ನುತ್ತ ನೇತಾಡುತ್ತಿತ್ತು. ನೋಡಿದವರೆಲ್ಲ ಒಮ್ಮೆ ಕೈಗೆತ್ತಿಕೊಂಡು, ಶ್ರುತಿ ಮಾಡಲು ಹೋಗಿ ಸೋತು, ವಾಪಸು ತೂಗುಹಾಕಿದ್ದರು. ಎರವಲು ಕೇಳಿದಾಗ ಅಂಗಡಿಯವರು ಕೈ ಮುಗಿದು, “ತಗೊಂಡ್ಹೋಗಮ್ಮ, ಪೀಡೆ ಕಳೀತು. ವಾಪಸ್ ಮಾತ್ರ ತರಬೇಡ” ಎಂದರಂತೆ.

ಮಂದ್ರಕ್ಕ ಅಭ್ಯಾಸಕ್ಕೆ ಕೂತದ್ದು ಅಡುಗೆಮನೆಯಲ್ಲಿ. ಅಡುಗೆಮನೆಗೂ ನಡುಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಮೊದಲೆರಡು ದಿನ ಆ ಎಂಟು ತಂತಿಗಳು ಎಂಟು ದಿಕ್ಕಿಗೆ ಎಳೆದವು. ದಪ್ಪದ್ದು ಒಂದು ಹೇಳಿದರೆ ಸಣ್ಣದು ಇನ್ನೊಂದು ಹೇಳುತ್ತಿತ್ತು. ಮೂರನೆಯ ದಿನ ಗೋಡೆಯ ಆಚೆಯಿಂದ ಸಿಡುಕಿನ ದನಿ ಬಂತು.

“ಮೂರನೇ ಜೊತೆ ಕಣೇ! ಸಣ್ಣ ತಂತಿ ಇಳಿದಿದೆ. ಕಿವೀಲಿ ಹತ್ತಿ ಇಟ್ಕೊಂಡಿದೀಯಾ?”

ಮಂದ್ರಕ್ಕ ಬಾಯಿಗೆ ಕೈ ಅಡ್ಡ ಹಿಡಿದು ಕೂತರು. ಬೈಗುಳ ಕೇಳಿ ಅಷ್ಟು ಸಂತೋಷಪಟ್ಟವರು ಲೋಕದಲ್ಲಿ ಕಡಿಮೆ. ಆಮೇಲೆ ಬಿರಡೆ ತಿರುಗಿಸಿದರು. “ಇನ್ನೂ... ಇನ್ನು ಸ್ವಲ್ಪ... ಹಾಂ, ಬಿಡು” ಎಂದಿತು ಗೋಡೆ. ಮಾರನೆಯ ದಿನ ತಂತಿಗಳೆಲ್ಲ ಸರಿಯಾಗಿದ್ದವು; ಗೋಡೆ ಸುಮ್ಮನಿತ್ತು. ಅದರ ಮಾರನೆಯ ದಿನ ಮಂದ್ರಕ್ಕ ಸುತ್ತಮುತ್ತ ನೋಡಿ, ಕಳ್ಳಹೆಜ್ಜೆ ಇಡುವವರಂತೆ ಬಿರಡೆಯೊಂದನ್ನು ತುಸುವೇ ಸಡಿಲಿಸಿ ನುಡಿಸಿದರು. ಬೈಗುಳ ಬಂತು.

ಅಂದಿನಿಂದ ಅದೇ ಅವರ ಪದ್ಧತಿಯಾಯಿತು. ಅನುಮಾನ ಬಾರದಿರಲೆಂದು ಇವತ್ತು ಮೊದಲನೆಯ ಜೊತೆ, ನಾಳೆ ಎರಡನೆಯದು ಎಂದು ಬದಲಿಸಿ ಇಳಿಸುತ್ತಿದ್ದರು. ದಿನದಿಂದ ದಿನಕ್ಕೆ ಇಳಿಸುವ ಪ್ರಮಾಣವನ್ನೂ ಕಡಿಮೆ ಮಾಡುತ್ತ ಬಂದರು. ತಪ್ಪು ಚಿಕ್ಕದಾದಷ್ಟೂ ಅದನ್ನು ಹಿಡಿಯಲು ಅಣ್ಣಯ್ಯ ಹತ್ತಿರ ಬರಬೇಕಾಗುತ್ತಿತ್ತು. ಮಂಚದಿಂದ ಪರದೆಯವರೆಗೆ, ಪರದೆಯಿಂದ ಅಡುಗೆಮನೆಯ ಹೊಸ್ತಿಲವರೆಗೆ ಅವರು ಬಂದರು. ತಂಗಿ ಮಾತ್ರ ಏನೂ ಅರಿಯದವರಂತೆ, “ಹೌದಾ ಅಣ್ಣಯ್ಯ? ನಂಗೆ ಗೊತ್ತೇ ಆಗ್ಲಿಲ್ಲ” ಎನ್ನುತ್ತಿದ್ದರು.

ಶನಿವಾರ ಬಂತು. ಅಂದು, ತಾವಿಲ್ಲದ ವೇದಿಕೆಗೆ ತಂಗಿ ಹೊರಟಿದ್ದಾಳೆಂದು ಅಣ್ಣಯ್ಯನವರು ಮುನಿಸಿಕೊಂಡು ಕೋಣೆ ಬಿಟ್ಟು ಬರಲಿಲ್ಲ. ಬೆಳಿಗ್ಗೆ ಇಳಿಸಿಟ್ಟ ತಂತಿಯನ್ನು ಏರಿಸುವುದನ್ನು ಮರೆತು ಮಂದ್ರಕ್ಕ ಹಾಗೆಯೇ ವೇದಿಕೆ ಹತ್ತಿದರು. ಮೊದಲ ಸ್ವರ ಮೀಟಿದಾಗಲೇ ತಪ್ಪು ತಿಳಿಯಿತು. ಆದರೆ ಆ ಕೂದಲೆಳೆಯಷ್ಟು ತಪ್ಪಿನಲ್ಲೇ ದನಿ ಅಲೆಯಾಗಿ ಹರಡಿತು. ಹಾಲಿನ ಮೂಲೆಗಳು ತುಂಬಿದವು, ಕುಣಿಯುವವರ ಹೆಜ್ಜೆ ನಿಧಾನವಾಯಿತು, ಮುಚ್ಚಿದ ಕಣ್ಣೊಳಗೆ ಅಣ್ಣಯ್ಯ ಎಂದಿನ ಪೀಠದಲ್ಲಿ ಕೂತಿದ್ದಾರೆಂದೇ ಮಂದ್ರಕ್ಕನಿಗೆ ಅನ್ನಿಸಿತು. ಮ್ಯಾನೇಜರ್ ವೇದಿಕೆಯ ಹಿಂದಿನ ಪರದೆ ಎತ್ತಿ ನೋಡಿ, “ಯಾರನ್ನ ಕೂರ್ಸಿದೀರಿ? ಆರ್ಗನ್ ಎಲ್ಲಿಟ್ಟಿದೀರಿ?” ಎಂದು ಹುಡುಕಿದ್ದನ್ನು ಅವರ ಯಜಮಾನರು ಈಗಲೂ ಅಭಿನಯಿಸಿ ತೋರಿಸುತ್ತಾರೆ.

ಸುದ್ದಿ ಕೇಳಿದ ಅಣ್ಣಯ್ಯ ಮರುವಾರ ತಾವೇ ಅಂಗಿ ಹಾಕಿಕೊಂಡು ಹೋಟೆಲಿಗೆ ಹೊರಟರು. ಸಣ್ಣ ತಂತಿ ಒಂದೇ ಇದ್ದರೆ ಸಾಲದು, ಎರಡಿದ್ದರೆ ತಮ್ಮತಮ್ಮಲ್ಲೇ ಕಿತ್ತಾಡುತ್ತವೆ, ಆ ಕಿತ್ತಾಟದಲ್ಲೇ ರುಚಿ ಎಂದು ಹನ್ನೆರಡು ತಂತಿಯ ವಾದ್ಯ ಮಾಡಿಸಿದವರೂ ಅವರೇ. ಅಷ್ಟು ತಂತಿಗಳ ಸೆಳೆತಕ್ಕೆ ಮೊದಲ ವಾದ್ಯದ ಕತ್ತು ಬಿಲ್ಲಿನಂತೆ ಬಗ್ಗಿತು. ಎರಡನೆಯದರ ಕತ್ತಿನೊಳಗೆ ಎರಡು ಉಕ್ಕಿನ ಸರಳು ಕೂರಿಸಿದ ಮೇಲೆ ಅದು ತಲೆ ಎತ್ತಿ ನಿಂತಿತು. ಇಂದು ಶಾಲೆಯಲ್ಲಿರುವುದು ಅದೇ.

ಮಂದ್ರಕ್ಕ ಶಾಲೆಗೆ ಅಧ್ಯಾಪಕಿಯಾಗಿ ಬಂದಾಗ ಒಂದೇ ಷರತ್ತು ಹಾಕಿದ್ದರು: ತರಗತಿಯ ಕಿಟಕಿಯ ಬಳಿ ಅಣ್ಣಯ್ಯನಿಗೊಂದು ಕುರ್ಚಿ. ಎಡಗೈಯಲ್ಲಿ ಬಿರಡೆ ತಿರುಗಿಸುತ್ತ, ತಂಗಿಯನ್ನೂ ತಂಗಿಯ ಶಿಷ್ಯರನ್ನೂ ಸಮನಾಗಿ ಬೈಯುತ್ತ ಅವರು ಆ ಕುರ್ಚಿಯಲ್ಲೇ ಹಣ್ಣಾದರು. ಮಂದ್ರಕ್ಕ ಬೈದದ್ದನ್ನು ಕೇಳಿದವರಿಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಮಾತಾಡಬಾರದೆಂದು ವೈದ್ಯರು ವಿಧಿಸಿದ್ದ ವಿದ್ಯಾರ್ಥಿನಿಯೊಬ್ಬಳು ಶಾಲೆ ಬಿಡಲು ಹೊರಟಾಗ, ಆಕೆಗೆ ಮುಜುಗರವಾಗದಿರಲೆಂದು ಮಂದ್ರಕ್ಕ ಇಡೀ ತರಗತಿಯನ್ನೇ ಮಾತಿಲ್ಲದೆ ನಡೆಸಿದರು. ಸನ್ನೆ, ಕಣ್ಣು, ಬೆರಳು, ಅಷ್ಟರಲ್ಲೇ ಪಾಠ. ಹೊರಗಿನಿಂದ ಹಾದುಹೋಗುವವರಿಗೆ ಕನಸಿನೊಳಗೆ ನಡೆಯುವ ತರಗತಿಯಂತೆ ಕಾಣುತ್ತಿತ್ತದು. ಆ ವಿದ್ಯಾರ್ಥಿನಿ ಇಂದು ಇದೇ ಶಾಲೆಯಲ್ಲಿ ಅವರ ಸಹೋದ್ಯೋಗಿ, ಮತ್ತು ಈಗ ಸ್ವಲ್ಪ ಹೆಚ್ಚೇ ಮಾತಾಡುತ್ತಾರೆ.

ಆದರೆ ಇಷ್ಟೆಲ್ಲದರ ಅಡಿಯಲ್ಲಿ ಒಂದು ಭಯ ಮಂದ್ರಕ್ಕನನ್ನು ಬಿಟ್ಟಿರಲಿಲ್ಲ. ಪ್ರತಿ ಬೆಳಿಗ್ಗೆ, ಅಣ್ಣಯ್ಯ ಮೆಟ್ಟಿಲು ಹತ್ತಿ ಬರುವ ಮೊದಲು, ಅವರು ಈಗಲೂ ಒಂದು ತಂತಿಯನ್ನು ಇಳಿಸಿಡುತ್ತಿದ್ದರು. ಇದು ಬೇಕೆಂದೇ ಮಾಡಿದ್ದೆಂದು, ತನ್ನ ಕಿವಿಯ ಅಗತ್ಯವನ್ನು ತಂಗಿ ಕರುಣೆಯಿಂದ ಹುಟ್ಟಿಸಿದ್ದಳೆಂದು ಆ ಅಭಿಮಾನಿ ಮನುಷ್ಯನಿಗೆ ತಿಳಿದುಬಿಟ್ಟರೆ? ಮತ್ತೆ ಆ ಪರದೆಯ ಹಿಂದೆ ಹೋಗಿಬಿಟ್ಟರೆ? ಯಜಮಾನರಿಗೂ ಹೇಳದೆ ಅವರು ಈ ಗುಟ್ಟನ್ನು ಕಾಪಾಡಿಕೊಂಡು ಬಂದರು.

ಕಳೆದ ವಾರ ಬೀಳ್ಕೊಡುಗೆ ಕಚೇರಿಯ ಅಭ್ಯಾಸವಿತ್ತು. ಗುರುಗಳ ಕೈಗೆ ಶ್ರಮವಾಗಬಾರದೆಂಬ ಪ್ರೀತಿಯಿಂದ ಶಿಷ್ಯರೆಲ್ಲ ಸೇರಿ, ಶ್ರುತಿ ಅಳೆಯುವ ಹೊಸ ಯಂತ್ರ ತಂದು, ಹನ್ನೆರಡು ತಂತಿಗಳನ್ನೂ ಎಳ್ಳಷ್ಟೂ ವ್ಯತ್ಯಾಸವಿಲ್ಲದಂತೆ ಕೂರಿಸಿಟ್ಟಿದ್ದರು. ಪ್ರಾಂಶುಪಾಲರ ಕೊಠಡಿಯಲ್ಲಿ ಮಾತಿಗೆ ಸಿಕ್ಕಿಬಿದ್ದಿದ್ದ ಮಂದ್ರಕ್ಕ ಬರುವ ಹೊತ್ತಿಗೆ ಅಣ್ಣಯ್ಯ ಆಗಲೇ ವಾದ್ಯದ ಮೇಲೆ ಕಿವಿಯಿಟ್ಟು ಒಂದೊಂದೇ ತಂತಿ ಮೀಟುತ್ತಿದ್ದರು. ಕೊನೆಯದನ್ನೂ ಮೀಟಿ ತಲೆ ಎತ್ತಿದರು.

“ಎಲ್ಲಾ ಸರಿಯಾಗಿದೆ” ಎಂದರು.

ಮಂದ್ರಕ್ಕನ ಕಾಲು ಬಾಗಿಲಲ್ಲೇ ನಿಂತಿತು. ಅಣ್ಣಯ್ಯನವರು ಎಡಗೈ ಚಾಚಿ, ಎರಡನೆಯ ಗುಂಪಿನ ಸಣ್ಣ ತಂತಿಯೊಂದರ ಬಿರಡೆಯನ್ನು ತಾವೇ ಸಡಿಲಿಸಿದರು.

“ಇವತ್ತು ಎರಡನೇದರ ಸರದಿ ಅಲ್ವೇನೇ?”

“ಅಣ್ಣಯ್ಯ... ನಿಂಗೆ ಗೊತ್ತಿತ್ತಾ?”

“ತಾನಾಗಿ ಇಳಿಯೋ ತಂತಿ ಸರದಿ ಪ್ರಕಾರ ದಿನಕ್ಕೊಂದು ಇಳಿಯುತ್ತೇನೇ ಪೆದ್ದಿ? ಅಡುಗೆಮನೇಲೇ ಗೊತ್ತಾಯ್ತು.”

“ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ಹೇಳೋದೇನಿತ್ತು? ನೀನು ಕರೀತಿದ್ದೆ. ನಾನು ಬರ್ತಿದ್ದೆ.”

ಮಂದ್ರಕ್ಕ ಶಿಷ್ಯರೆದುರು ಮೊದಲ ಬಾರಿಗೆ ಅತ್ತರು. ಇಬ್ಬರ ಒಪ್ಪಿಗೆಯನ್ನೂ ಪಡೆದೇ ಇದನ್ನಿಲ್ಲಿ ಬರೆದಿದೆ. ಶಾಲೆಯ ಗಂಟೆಗೆ ಓಡಬೇಕಿಲ್ಲದ ಅವರ ಬೆಳಗುಗಳು ಇನ್ನು ದೀರ್ಘವಾಗಲಿ, ಬೆರಳ ತುದಿಯ ಗಟ್ಟಿ ಚರ್ಮ ಮೆತ್ತಗಾಗದಿರಲಿ, ಬರೆಯಲು ಹಿಡಿದಿರುವ ಪಾಠಪುಸ್ತಕ ಬೇಗ ನಮ್ಮ ಕೈಸೇರಲಿ. ಅಣ್ಣ ತಂಗಿ ಇಬ್ಬರೂ ಬಹುಕಾಲ ಎದುರುಬದುರು ಕೂತು, ನಡುವೆ ಯಾವ ಗುಟ್ಟೂ ಇಲ್ಲದೆ, ಇಂದು ಯಾವ ತಂತಿಯನ್ನು ಇಳಿಸಬೇಕೆಂದು ಜಗಳವಾಡುತ್ತಿರಲಿ.