ಗೋಡೆಗೆ ಮುಖ ಮಾಡಿದ ಸಂತರು

ಸಂತರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದವಳು ನಾನೇ. ಯಾರ ಹತ್ತಿರ ಬೇಕಾದರೂ ಒಪ್ಪಿಕೊಳ್ಳುತ್ತೇನೆ.

ಸಂಜಯನಗರದ ನಮ್ಮ ಮನೆಯ ಟೀವಿ ಪಕ್ಕ ಗೇಣುದ್ದದ ಆ ಪ್ರತಿಮೆ ಇದೆ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರೆಂದು ಕಥೋಲಿಕರ ಮನೆಗಳಲ್ಲೆಲ್ಲ ಅವರಿಗೆ ಹೆಸರು. ನನಗೂ ಗ್ಯಾಸ್ ಪುಸ್ತಕ, ಬಸ್ಸಿನಲ್ಲಿ ಬಿದ್ದ ಕಿವಿಯೋಲೆ, ಏನೇನೋ ಹುಡುಕಿಕೊಟ್ಟಿದ್ದಾರೆ. ಮರೆವಿನ ಕಾಯಿಲೆಯ ಅಮ್ಮನಿಗೆ ಅವಳ ನೆನಪನ್ನು ಮಾತ್ರ ಹುಡುಕಿಕೊಡಲಿಲ್ಲ. ಒಂದು ಮಂಗಳವಾರವೂ ತಪ್ಪಿಸದೆ ಚರ್ಚಿನ ನೊವೇನಾ ಪ್ರಾರ್ಥನೆಗೆ ಹೋಗಿ ಕೇಳಿದೆ, ಅತ್ತು ಕೇಳಿದೆ. ಕೊನೆಗೊಂದು ಮಧ್ಯಾಹ್ನ ಊಟ ಬಡಿಸುತ್ತಿದ್ದಾಗ ಅಮ್ಮ ನನ್ನನ್ನು ನೋಡಿ, "ನೀವು ಯಾರ ಮನೆಯೋರಮ್ಮ?" ಎಂದಳು. ಹೆತ್ತವಳು ನನಗೆ 'ನೀವು' ಅಂದಳು. ಅನ್ನದ ಕೈಯಲ್ಲೇ ಹೋಗಿ ಸಂತರನ್ನು ತಿರುಗಿಸಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಅನ್ನಿ. ನನಗೇನೂ ಪಶ್ಚಾತ್ತಾಪವಿಲ್ಲ.

ಮುಂದಿನ ಶನಿವಾರ ಸಂಜೆ ತಮ್ಮ ಬಂದ. ತಣಿಸಂದ್ರದ ಒಂದು ಹಾಲ್‌ನಲ್ಲಿ ನಡೆಯುವ ಪ್ರಾರ್ಥನಾ ಕೂಟಕ್ಕೆ ಸೇರಿದ ಮೇಲೆ ಅವನು ನಮ್ಮ ಚರ್ಚನ್ನೂ ಬಿಟ್ಟಿದ್ದ, ನಮ್ಮ ಮನೆಗೆ ಬರುವುದನ್ನೂ ಬಿಟ್ಟಿದ್ದ. ಈಗ ಅಮ್ಮನನ್ನು ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋಗಲು ಬಂದಿದ್ದ. ಫೋನಿನಲ್ಲಿ ಮಾತಾಡಿ ನಾನು ಒಪ್ಪಿದ್ದೆ. ನನ್ನ ಬೆನ್ನು ಮುರಿದಿತ್ತು, ಅಮ್ಮನನ್ನು ಎತ್ತಿ ಕೂರಿಸುವ ಶಕ್ತಿ ಉಳಿದಿರಲಿಲ್ಲ. ಬ್ಯಾಗೂ ತುಂಬಿಟ್ಟಿದ್ದೆ.

ಸಂತರ ಬೆನ್ನು ನೋಡಿದ್ದೇ ತಡ, ಅವನಿಗೆ ಹಾಲು ಕುಡಿದಷ್ಟು ಸಂತೋಷ.

"ದೇವರಿಗೆ ಸ್ತೋತ್ರ! ಕೊನೆಗೂ ಬಿಟ್ಬಿಟ್ಯಾ ಅಕ್ಕಾ ಇದನ್ನೆಲ್ಲಾ?"

"ಬಿಟ್ಟಿಲ್ಲ ಕಣೋ. ಜಗಳ ಆಡಿದೀನಿ."

"ಬೊಂಬೆ ಜೊತೆ ಜಗಳಾನಾ?"

"ಬೊಂಬೆ ಜೊತೆ ಯಾರಾದ್ರೂ ಜಗಳ ಆಡ್ತಾರಾ? ನಮ್ಮವರು ಅಂತ ಇರೋರ ಜೊತೆ ಆಡ್ತೀವಿ."

ಅವನ ಮುಖ ಗಂಟಾಯಿತು. ಆಗ ಷರತ್ತು ಹೊರಬಿತ್ತು. ತನ್ನ ಮನೆಯಲ್ಲಿ ಅಮ್ಮ ಸಂತರ ಮನವಿಮಾಲೆ ಹೇಳಕೂಡದು. "ಏಸು ಒಬ್ಬರೇ ಮಧ್ಯಸ್ಥ. ಏನ್ ಬೇಕಿದ್ರೂ ನೇರವಾಗಿ ದೇವರನ್ನ ಕೇಳ್ಬೇಕು. ಸತ್ತವರನ್ನ ಯಾಕೆ ಕೇಳ್ಬೇಕು?"

ನನ್ನ ಮೈಯೆಲ್ಲ ಉರಿದುಹೋಯಿತು. ದಿನವೂ ಸಂಜೆ ಆರಕ್ಕೆ ಅಮ್ಮ ಜಪಸರ ಹಿಡಿದು ಕೂರುತ್ತಾಳೆ. ಮನವಿಮಾಲೆಯಲ್ಲಿ ನಾನು ಒಬ್ಬೊಬ್ಬ ಸಂತರ ಹೆಸರು ಹೇಳಿದರೆ, "ನಮಗಾಗಿ ಪ್ರಾರ್ಥಿಸಿರಿ" ಎಂದು ಒಮ್ಮೆಯೂ ಎಡವದೆ ಹೇಳುತ್ತಾಳೆ. ಊರು, ಮಕ್ಕಳ ಮುಖ, ತನ್ನ ಹೆಸರು ಎಲ್ಲ ಹೋಗಿ ಇದೊಂದು ಉಳಿದಿದೆ. ಅದನ್ನೂ ಕಿತ್ತುಕೊಳ್ಳಲು ಇವನು ಬಂದಿದ್ದ.

"ಮಧ್ಯಸ್ಥ ಒಬ್ಬರೇ, ನಾನೂ ಒಪ್ತೀನಿ," ಎಂದೆ. "ಮೊನ್ನೆ ನಿನ್ನ ಮಂಡಿನೋವಿಗೆ ನಿಮ್ಮ ಪಾಸ್ಟರ್ ಕೈಲಿ ಪ್ರಾರ್ಥನೆ ಮಾಡಿಸ್ಕೊಂಡ್ಯಲ್ಲ, ಅವರೇನು ಎರಡನೇ ಮಧ್ಯಸ್ಥರಾ? ಅಮ್ಮನಿಗೋಸ್ಕರ ದುವಾ ಮಾಡಿ ಅಂತ ಕೆಳಗಿನ ಮನೆ ಸಾಬರ ಆಂಟಿಗೂ ಹೇಳಿದೀನಿ. ಅದು ತಪ್ಪಾ?"

"ಅವರೆಲ್ಲ ಬದುಕಿದ್ದಾರೆ."

"ಸಂತರೂ ಬದುಕಿದ್ದಾರೆ. ದೇವರ ಹತ್ತಿರ ಹೋದೋರ ಬಾಯಿ ಬಿದ್ದುಹೋಗುತ್ತೆ ಅಂತ ನಿನಗೆ ಯಾರು ಹೇಳಿದ್ದು?"

ನಾವು ಸಂತರನ್ನು ಆರಾಧಿಸುತ್ತೇವೆ ಎನ್ನುವವರಿಗೆ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ಆರಾಧನೆ ದೇವರಿಗೆ ಮಾತ್ರ ಎಂದು ನಮಗೆ ಏಳೆಂಟು ವರ್ಷಕ್ಕೇ ಕಲಿಸಿರುತ್ತಾರೆ. ಸಂತರಿಗೆ ಕೊಡುವುದು ಮರ್ಯಾದೆ. ನಮ್ಮ ಹಾಗೆಯೇ ಹಸಿದು, ಸಿಟ್ಟಾಗಿ, ಎಡವಿ, ಆದರೂ ನೆಟ್ಟಗೆ ಬಾಳಿ ದೇವರ ಬಳಿ ಸೇರಿದವರು. ಮನೆಯ ಹಿರಿಯರನ್ನು ಕೇಳುವಂತೆ ಅವರನ್ನು ಕೇಳುತ್ತೇವೆ, ನನಗೋಸ್ಕರ ಒಂದು ಮಾತು ಹೇಳಿ ಎಂದು. ಕೊಡುವವನು ದೇವರೇ. ಒಬ್ಬಳೇ ಕೇಳಲು ನನ್ನಲ್ಲಿ ಕಸುವಿಲ್ಲದ ದಿನಗಳಿವೆ, ಅದಕ್ಕೆ ನಾಚಿಕೆ ಪಡುವುದಿಲ್ಲ.

"ಷರತ್ತು ಇದ್ರೆ ಅಮ್ಮ ಬರಲ್ಲ," ಎಂದು ಬ್ಯಾಗಿನಿಂದ ಸೀರೆಗಳನ್ನು ಹೊರಗೆ ತೆಗೆಯತೊಡಗಿದೆ.

"ನೀನ್ಯಾರು ಹೇಳಕ್ಕೆ? ಅಮ್ಮನ್ನೇ ಕೇಳ್ತೀನಿ," ಎಂದು ಅವನು ಒಳಗೆ ಹೋದ. ಆರು ಗಂಟೆಯಾಗಿತ್ತು. ಅಮ್ಮ ಮಂಚದ ಮೇಲೆ ಜಪಸರ ಹಿಡಿದು ಕೂತಿದ್ದಳು. ಅವನು ಅವಳ ಮುಂದೆ ಮಂಡಿಯೂರಿ ಕೈ ಹಿಡಿದುಕೊಂಡ. ಅಮ್ಮ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಗುರುತು ಹತ್ತಲಿಲ್ಲ.

"ಪ್ರಾರ್ಥನೆಗೆ ಬಂದ್ರಾ ಸ್ವಾಮಿ? ನನ್ ಮಗ ಎತ್ಲಾಗೋ ಒಂಟೋದ, ಮನೆ ಕಡೆ ಬಂದೇ ಇಲ್ಲ," ಎಂದಳು, ತವರೂರು ಅಟ್ಟೂರಿನ ತನ್ನ ಹಳೆಯ ಹಳ್ಳಿ ಮಾತಿನಲ್ಲಿ. "ಅವನಿಗೋಸ್ಕರ ನೀವೂ ಒಂದ್ ಮಾತು ದೇವರನ್ನ ಕೇಳ್ಕೊಳ್ಳಿ."

ತಮ್ಮ ನನ್ನ ಕಡೆ ನೋಡಿದ. ನಾನು ಸಹಾಯಕ್ಕೆ ಹೋಗಲಿಲ್ಲ. ನೇರವಾಗಿ ನೀನೇ ದೇವರನ್ನ ಕೇಳಮ್ಮ ಎಂದು ಅವನು ಹೇಳಬಹುದಿತ್ತು.

"ಆಯ್ತಮ್ಮ, ಕೇಳ್ಕೋತೀನಿ," ಎಂದ.