ಗಾಡಿ ತಿರುಗುತ್ತಿಲ್ಲ ಎನ್ನುವ ಗಂಡಸರು

ಈ ಪರದೇಶದ ವಾನ್ ಎಂಬ ಊರಿನ ಒಂದು ಗೋದಾಮಿನೊಳಗೆ ಮಣ್ಣು ಸುರಿದು, ದಿಬ್ಬ, ತಿರುವು ಕಟ್ಟಿ, ಪ್ರತಿ ಶನಿವಾರ ಮಧ್ಯಾಹ್ನ ಬಗ್ಗಿ ಎನ್ನುವ ರಿಮೋಟ್ ಗಾಡಿ ಓಡಿಸುವ ಗಂಡಸರನ್ನು ನಾನು ಮೂರು ವರ್ಷದಿಂದ ನೋಡುತ್ತ ಬಂದಿದ್ದೇನೆ. ಮೊಣಕೈ ಉದ್ದದ ಗಾಡಿಗಳು. ಆಟಿಕೆ ಅಂದರೆ ಸಾಕು, ಇವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಎತ್ತರದ ಅಟ್ಟದ ಮೇಲೆ ಸಾಲಾಗಿ ನಿಂತು ಓಡಿಸುತ್ತಾರೆ. ಐದು ನಿಮಿಷದ ರೇಸು ಮುಗಿಸಿ ಇಳಿದು ಬಂದವರದು ಎಲ್ಲರದೂ ಒಂದೇ ರಾಗ: ಗಾಡಿ ತಿರುಗುತ್ತಿಲ್ಲ. ಪಂಜಾಬಿನವನೂ ಅದನ್ನೇ ಹೇಳುತ್ತಾನೆ, ಇಟಲಿಯವನೂ ಅದನ್ನೇ ಹೇಳುತ್ತಾನೆ, ನಮ್ಮ ಬೆಂಗಳೂರಿನ ಸಾಫ್ಟ್‌ವೇರಿನವನಂತೂ ಲ್ಯಾಪ್‌ಟಾಪ್ ತೆರೆದು ಗ್ರಾಫ್ ತೋರಿಸಿ ಹೇಳುತ್ತಾನೆ. ನನಗೆ ತಿರುಗಿಸಲು ಬರುವುದಿಲ್ಲ ಎಂದ ಒಬ್ಬ ಗಂಡಸನ್ನೂ ನಾನು ಅಲ್ಲಿ ಕಂಡಿರಲಿಲ್ಲ.

ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವರು ನಮ್ಮ ಯಜಮಾನರು. ಹುಬ್ಬಳ್ಳಿಯವರು, ಇಲ್ಲಿ ಲಾರಿ ಕಂಪನಿಯೊಂದರಲ್ಲಿ ಡಿಸ್ಪ್ಯಾಚ್ ಕೆಲಸ. ವಾರವಿಡೀ ಫೋನಿನಲ್ಲಿ ಡ್ರೈವರುಗಳಿಗೆ ಎಲ್ಲಿ ತಿರುಗಬೇಕೆಂದು ಹೇಳುವ ಮನುಷ್ಯ ಶನಿವಾರ ಬಂದರೆ ತಮ್ಮ ಗಾಡಿಯನ್ನು ಸೀದಾ ಗೋಡೆಗೆ ಬಡಿಯುತ್ತಿದ್ದರು. ನಾನು ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಟರು. ದೊಡ್ಡ ಕಾರುಗಳ ಸ್ಟೀರಿಂಗ್ ರಾಡುಗಳು ನನ್ನ ಮುಂದೆ ಬರುತ್ತವೆ. ಅಳೆದು, ಅಲುಗಾಡಿಸಿ ನೋಡಿ, ಸರಿಯಿಲ್ಲದ್ದನ್ನು ಕೆಂಪು ಡಬ್ಬಿಗೆ ಎಸೆಯುತ್ತೇನೆ. ಎಸೆಯುವಾಗ ನನಗೆ ಒಂಚೂರೂ ಕನಿಕರ ಬರುವುದಿಲ್ಲ.

ಒಮ್ಮೆ ಅವರು ಕಾಫಿ ತರಲು ಹೋಗುತ್ತ ರಿಮೋಟನ್ನು ನನ್ನ ಕೈಗೆ ಕೊಟ್ಟರು. ಪಿಸ್ತೂಲಿನ ಆಕಾರದ್ದು, ತೋರುಬೆರಳಿಗೆ ವೇಗದ ಟ್ರಿಗರು, ಪಕ್ಕದಲ್ಲಿ ತಿರುಗಿಸಲು ಪುಟ್ಟ ಚಕ್ರ. ಪ್ರಾಕ್ಟೀಸ್ ಹೊತ್ತು, ಯಾರೂ ನೋಡುತ್ತಿರಲಿಲ್ಲ. ಎರಡು ಸುತ್ತು ಓಡಿಸಿಬಿಟ್ಟೆ. ಅಯ್ಯೋ ಶಿವನೆ, ದಿಬ್ಬ ಹಾರಿ ಗಾಡಿ ನೆಲಕ್ಕಿಳಿದಾಗ ಮೈಯೆಲ್ಲ ಜುಮ್ಮೆಂದಿತು! ಐವತ್ತರ ಹೆಂಗಸು ನಾನು, ನಾಚಿಕೆ ಬಿಟ್ಟು ಹೇಳುತ್ತೇನೆ: ಅವತ್ತಿನಿಂದ ನನಗೆ ಒಂದೇ ಆಸೆ. ಒಂದು ರೇಸು, ಪ್ರಾಕ್ಟೀಸಲ್ಲ, ನಿಜವಾದ ರೇಸು, ನನ್ನ ಹೆಸರಿನಲ್ಲಿ ಓಡಿಸಬೇಕು. ಮನೆಯಲ್ಲಿದ್ದದ್ದು ಒಂದೇ ಬಗ್ಗಿ. ಕೇಳಿದೆ.

"ನಾ ಒಮ್ಮೆ ಎ ಫೈನಲ್ ಮುಟ್ಲಿ, ಆಮ್ಯಾಲೆ ನಿನ್ನ ಕೈಗೆ ಕೊಡ್ತೀನಿ" ಅಂದರು.

ಎ ಫೈನಲ್ ಅಂದರೆ ಅವತ್ತಿನ ಅತಿ ವೇಗದ ಹತ್ತು ಜನರ ಓಟ. ನಿಧಾನದವರಿಗೆ ಬಿ, ತೀರಾ ಕೈಲಾಗದವರಿಗೆ ಸಿ. ನಮ್ಮವರು ಸಿ ಫೈನಲ್ಲಿನಲ್ಲಿ ಖಾಯಂ ಗಿರಾಕಿ.

ಗಾಡಿಯನ್ನು ಸರಿಮಾಡಲು ಅವರು ಪಟ್ಟ ಪಾಡು ಕೇಳಬೇಡಿ. ವಿಡಿಯೋ ನೋಡುವುದು, ಪಾರ್ಸೆಲ್ ತರಿಸುವುದು. ಮುಂದಿನ ಗಾಲಿ ತಿರುಗಿಸುವ ಪುಟ್ಟ ಮೋಟಾರಿಗೆ ಸರ್ವೋ ಅನ್ನುತ್ತಾರೆ, ಅದು ಹೊಸದು ಬಂತು. ಅಲ್ಯೂಮಿನಿಯಂ ತೋಳು ಬಂತು. ನೀಲಿ ಸ್ಪ್ರಿಂಗ್ ಬಂತು, ಅದು ಬೇಡವೆಂದು ಹಳದಿ ಬಂತು. ಕೊನೆಗೊಂದು ದಿನ ನಾನೇ ಬೇಸ್‌ಮೆಂಟಿಗೆ ಇಳಿದು, ಅಡುಗೆಮನೆಯ ಕೌಂಟರಿನಿಂದ ಉಳಿದಿದ್ದ ಗ್ರಾನೈಟ್ ತುಂಡಿನ ಮೇಲೆ ಗಾಡಿ ಇಟ್ಟು, ಮುಂದಿನ ಎರಡು ಗಾಲಿ ಹಿಡಿದು ಅಲುಗಾಡಿಸಿದೆ. ಕಟಕಟ ಅಂದಿತು. ಸ್ಟೀರಿಂಗ್ ತೋಳು ಕೂರುವ ಬುಷ್ ಎನ್ನುವ ಬಳೆ ಸವೆದುಹೋಗಿತ್ತು. ರಾಡುಗಳ ತುದಿಯ ಪ್ಲಾಸ್ಟಿಕ್ ಕಪ್‌ಗಳು ಸಡಿಲ. ಎಡಗಡೆ ರಾಡು ಬಲಗಡೆಯದಕ್ಕಿಂತ ಉದ್ದ. ಇಷ್ಟೆಲ್ಲ ಇಟ್ಟುಕೊಂಡು ಹೊಸ ಸರ್ವೋ ಹಾಕಿದ್ದರು, ಬಾಗಿಲಿನ ಕೀಲು ಕಿತ್ತುಹೋಗಿರುವಾಗ ಹೊಸ ಬೀಗ ಹಾಕಿದ ಹಾಗೆ. ಎರಡು ಸಂಜೆ ಕೂತು ಬುಷ್ ತೆಗೆದು ಬೇರಿಂಗ್ ಹಾಕಿದೆ, ಆ ಕಪ್‌ಗಳನ್ನು ಬದಲಿಸಿದೆ, ತೆಳು ವಾಷರ್ ಕೊಟ್ಟು ಅಲುಗಾಟ ತೆಗೆದೆ, ರಾಡುಗಳನ್ನು ಅಳೆದು ಸಮ ಮಾಡಿದೆ. ಈಗ ರಿಮೋಟಿನ ಚಕ್ರ ಕೂದಲೆಳೆಯಷ್ಟು ತಿರುಗಿಸಿದರೂ ಗಾಲಿ ಅಷ್ಟೇ ತಿರುಗುತ್ತಿತ್ತು.

ಶನಿವಾರ ಹೋದೆವು. ಮೊದಲ ತಿರುವಿಗೇ ಗಾಡಿ ಹೊರಕ್ಕೆ ಜಾರಿ ಗೋಡೆಗೆ ಬಡಿಯಿತು. ನಮ್ಮವರ ಬೆರಳು ಟ್ರಿಗರಿನಿಂದ ಸಡಿಲವಾಗಿಯೇ ಇರಲಿಲ್ಲ.

"ಅಲ್ರೀ, ತಿರುವು ಬಂದಾಗ ಬೆರಳು ಒಂಚೂರು ಸಡಲ ಬಿಡ್ರೀ. ಬಿಟ್ರ ಭಾರ ಮುಂದ ಬರ್ತೈತಿ, ಮುಂದಿನ ಗಾಲಿ ಮಣ್ಣ ಹಿಡೀತಾವ."

"ಬಿಟ್ಟು ಹಿಂದ ಬೀಳ್ಲೇನು? ನಿನಗ ರೇಸಿಂಗ್ ತಿಳಿಯಂಗಿಲ್ಲ, ಸುಮ್ಕಿರು."

"ಗ್ವಾಡಿಗೆ ಬಡದು ನಿಂತ್ರ ಮುಂದ ಹೋಗ್ತೀರೇನು? ತೆಲಿ ಮನ್ಯಾಗ ಬಿಟ್ಟು ಬಂದೀರೇನು?"

ಹೀಗೆ ಎಷ್ಟೋ ಶನಿವಾರ. ನಾನು ಹೇಳುವುದು, ಅವರು ಗೋಡೆಗೆ ಹೋಗುವುದು.

ನಮ್ಮ ಮನೆತನದ ಹೆಂಗಸರು ಒಂದು ವಿದ್ಯೆಯಲ್ಲಿ ಪಳಗಿದವರು. ಅಪ್ಪ ಗೋಡೆ ಗಡಿಯಾರಕ್ಕೆ ತಾವೇ ಕೀಲಿ ಕೊಟ್ಟು, ತಾವೇ ಮುಳ್ಳು ತಿರುಗಿಸಿ ಇಡುತ್ತಿದ್ದರು, ಯಾವಾಗಲೂ ತಪ್ಪಾಗಿ. ಅವರು ಹೊರಗೆ ಹೋದ ಮೇಲೆ ಅವ್ವ ಸ್ಟೂಲ್ ಹತ್ತಿ ಸರಿ ಮಾಡುತ್ತಿದ್ದಳು. ತಮ್ಮ ಗಡಿಯಾರ ಒಂದು ನಿಮಿಷ ಆಚೀಚೆ ಹೋಗಿಲ್ಲವೆಂದು ಅಪ್ಪ ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಅವ್ವ ಎಂಥ ಜಾಣೆ ಎಂದು ನಾವು ಹೆಣ್ಣುಮಕ್ಕಳು ಒಳಗೊಳಗೇ ನಗುತ್ತಿದ್ದೆವು.

ಆ ಜಾಣತನವನ್ನೇ ನಾನೂ ಮಾಡಿದೆ. ರಿಮೋಟಿನ ಮೆನುವಿನೊಳಗೆ ಒಂದು ಸೆಟ್ಟಿಂಗ್ ಇತ್ತು: ಸ್ಟೀರಿಂಗ್ ಚಕ್ರ ಹೆಚ್ಚು ತಿರುಗಿದಷ್ಟೂ ಮೋಟಾರಿನ ವೇಗ ತಾನಾಗಿ ತಗ್ಗುವಂತೆ ಎರಡನ್ನೂ ಜೋಡಿಸಬಹುದು. ಬೆರಳು ಬಿಡದವನ ಬದಲು ರಿಮೋಟೇ ಬೆರಳು ಬಿಡುತ್ತದೆ. ಯಾರಿಗೂ ಹೇಳದೆ ಅದನ್ನು ಆನ್ ಮಾಡಿದೆ. ಅವರು ಎ ಫೈನಲ್ ಮುಟ್ಟಿದರೆ ನನ್ನ ಸರದಿ ತಾನೆ!

ಮುಂದಿನ ಶನಿವಾರ ಗಾಡಿ ಗೆರೆ ಎಳೆದಂತೆ ತಿರುಗಿತು. ಎರಡು ವಾರದಲ್ಲಿ ಬಿ ಫೈನಲ್. ಯಜಮಾನರ ನಡಿಗೆಯೇ ಬದಲಾಯಿತು. ನಾರ್ತ್ ಯಾರ್ಕಿನ ಅಪಾರ್ಟ್‌ಮೆಂಟೊಂದರ ಪಾರ್ಟಿ ರೂಮಿನಲ್ಲಿ ಮನೆಮನೆಯಿಂದ ಅಡುಗೆ ತಂದು ಹಂಚಿ ತಿನ್ನುವ ಕನ್ನಡದವರ ಪಾಟ್‌ಲಕ್ ಇತ್ತು. ಆ ಬೆಂಗಳೂರಿನವನು ಅಲ್ಲಿ ನಮ್ಮವರನ್ನು ಹಿಡಿದುಕೊಂಡ.

"ಸರ್, ನಿಮ್ ಕಾರ್ ಸಡನ್ನಾಗಿ ಇಷ್ಟು ಚೆನ್ನಾಗಿ ಟರ್ನ್ ಆಗ್ತಿದೆಯಲ್ಲಾ, ಏನ್ ಚೇಂಜ್ ಮಾಡಿದ್ರಿ?"

"ಕೈ, ಕೈ! ಪಾರ್ಟ್ಸ್ ಎಲ್ಲಾ ಸುಳ್ಳು ನೋಡ್ರಿ. ಎಲ್ಲಿ ಬಿಡಬೇಕು ಅನ್ನೋದು ಬೆರಳಿಗೆ ತಾನ ತಿಳೀತೈತಿ."

"ಮೇಡಂ ಕೂಡ ಹೆಲ್ಪ್ ಮಾಡ್ತಾರಲ್ವಾ?"

"ಆಕಿ ಬ್ಯಾಟರಿ ಚಾರ್ಜ್ ಮಾಡ್ತಾಳ."

ನಾನು ಎರಡು ಮಾರು ದೂರದಲ್ಲಿ ಮಂಡಕ್ಕಿ ಗಿರ್ಮಿಟ್ ಕಲಸುತ್ತಿದ್ದೆ. ಹಸಿಮೆಣಸಿನಕಾಯಿ ಒಂದು ಹಿಡಿ ಜಾಸ್ತಿ ಹಾಕಿದೆ. ತಿಂದವರೆಲ್ಲ ನೀರು ನೀರು ಅಂದರು.

ಆ ತಿಂಗಳ ಕೊನೆಗೆ ಅವರು ಎ ಫೈನಲ್ ಮುಟ್ಟಿದರು, ಏಳನೆಯವರಾಗಿ ಮುಗಿಸಿದರು. ನಮ್ಮ ಮನೆಯಿರುವ ಸ್ಕಾರ್‌ಬರೋಗೆ ವಾಪಸ್ಸು ಬರುವ ದಾರಿಯಲ್ಲಿ ಕಾರಿನಲ್ಲಿ ಕೇಳಿದೆ: "ಹಂಗಾರ ಬರೋ ಶನಿವಾರ ನಂದು, ಹೌದಿಲ್ರೀ?"

"ಈಗ ಬ್ಯಾಡ. ಕೈ ಈಗ ಕುಂತೈತಿ, ನಡುವ ಬಿಟ್ರ ಹಾಳಾಗ್ತೈತಿ. ನೀ ಸೆಟಪ್‌ದಾಗ ಚಲೋ ಇದ್ದೀ, ನಿನಗ್ಯಾಕ ಅದೆಲ್ಲ?"

ಸಿಟ್ಟು ಬಂತು. ಮೊದಲು ಅವರ ಮೇಲೆ, ಆಮೇಲೆ, ಬಟ್ಟೆ ಮಡಿಸುತ್ತ ಕೂತಾಗ, ನನ್ನ ಮೇಲೆ. ಇಲ್ಲದ ಕೈಯನ್ನು ಅವರಿಗೆ ಕೊಟ್ಟವಳು ನಾನೇ. ಆ ಕೈ ಕೂತಿದೆ ಎಂದು ಅವರು ನಂಬಿದರೆ ತಪ್ಪು ಯಾರದು? ಅವ್ವನ ಜಾಣತನ ನೆನಪಾಗಿ ಮೊದಲ ಬಾರಿ ಅಸಹ್ಯವಾಯಿತು. ಜೀವಮಾನವಿಡೀ ಸ್ಟೂಲ್ ಹತ್ತಿದಳು. ಗಡಿಯಾರ ಕೊನೆಯವರೆಗೂ ಅಪ್ಪನದೇ ಆಗಿತ್ತು.

ಮುಂದಿನ ಶನಿವಾರ ಪ್ರಾಕ್ಟೀಸಿಗೆ ಮುಂಚೆ, ನಮ್ಮ ಟೇಬಲ್ ಹತ್ತಿರ ಯಾರೂ ಇಲ್ಲದಾಗ, ರಿಮೋಟಿನ ಪರದೆ ತೆರೆದು ಅವರ ಮುಂದೆ ಹಿಡಿದೆ. ಇದು ಏನು, ಏನು ಮಾಡುತ್ತದೆ, ಎಲ್ಲ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕಿವಿ ಕೆಂಪಾದವು.

"ಯಾವಾಗಿಂದ?"

"ಬಿ ಫೈನಲ್ ಮುಟ್ಟೋಕಿಂತ ಮುಂಚಿಂದ."

"ತಗಿ ಅದನ್ನ."

ತೆಗೆದೆ. ಅಟ್ಟ ಹತ್ತಿ ಹೋದರು. ಮೊದಲ ತಿರುವು, ಗೋಡೆ. ಎರಡನೆಯದು, ಗೋಡೆ. ಮೂರನೆಯ ಸುತ್ತಿನಲ್ಲಿ ಗಾಡಿ ತಲೆಕೆಳಗಾಗಿ ಬಿತ್ತು. ನಾನು ಕೆಳಗೆ ನಿಂತು ನೋಡುತ್ತಿದ್ದೆ. ಇವರಿಗೆ ಹೀಗೇ ಆಗಬೇಕಿತ್ತು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅವರು ಇಳಿದು ಬಂದು ರಿಮೋಟನ್ನು ಟೇಬಲ್ ಮೇಲಿಟ್ಟರು.

"ನನಗ ಬರಂಗಿಲ್ಲ" ಅಂದರು. ಆಮೇಲೆ, "ನೀ ನನಗ ಹೇಳಬೇಕಿತ್ತು."

"ನೂರು ಸಲ ಹೇಳೀನಲ್ರೀ!"

"ಅದು ಹೇಳೋದಲ್ಲ, ಬೈಯೋದು. ಬೈದು ಬೈದು ಸಾಕಾಗಿ ಕಡೀಕ ಕದ್ದು ಮಾಡಿದಿ. ಎರಡರಾಗೂ ನಾ ಏನು ಕಲೀಬೇಕು?"

ಉತ್ತರ ನನ್ನ ನಾಲಿಗೆ ತುದಿಗೆ ಬಂದಿತ್ತು, ಚೂಪಾದದ್ದೇ. ಅಷ್ಟರಲ್ಲಿ ಅವರು ಹೆಸರು ಬರೆಸುವ ಮೇಜಿಗೆ ಹೋಗಿದ್ದರು. ಅಲ್ಲಿದ್ದ ಬಿಳಿಯ ಮುದುಕನಿಗೆ ನನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಿರುವುದು ಕೇಳಿಸಿತು.

ಹೊಸಬಳಾದ ನನ್ನ ರೇಸು ಸಿ ಫೈನಲ್. ಗಾಡಿ ಬಿದ್ದರೆ ಎತ್ತಿ ನಿಲ್ಲಿಸಲು ತಿರುವು ತಿರುವಿಗೆ ಒಬ್ಬರು ನಿಲ್ಲಬೇಕು. ಮೊದಲ ತಿರುವಿನಲ್ಲಿ ಅವರು ಹೋಗಿ ನಿಂತರು. ಬೀಪ್ ಆಯಿತು. ಇಷ್ಟು ದಿನದ ಆಸೆಯೆಲ್ಲ ಬೆರಳಿಗೇ ಇಳಿಯಿತೋ ಏನೋ, ಟ್ರಿಗರ್ ಒತ್ತಿದವಳು ಬಿಡಲೇ ಇಲ್ಲ. ಗಾಡಿ ಹೊರಕ್ಕೆ ಜಾರಿ ಗೋಡೆಗೆ ಬಡಿದು, ಮಗುಚಿ, ಸರಿಯಾಗಿ ಅವರ ಕಾಲ ಬುಡದಲ್ಲಿ ಬಿತ್ತು.

ನಾನು ಅಟ್ಟದ ಮೇಲೆ ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಅವರ ಜಾಗದಲ್ಲಿ ನಾನಿದ್ದಿದ್ದರೆ ಇಡೀ ಗೋದಾಮಿಗೆ ಕೇಳುವಂತೆ ಬೈದಿರುತ್ತಿದ್ದೆ. ಅವರು ಬಾಗಿ ಗಾಡಿ ಎತ್ತಿದರು, ಗಾಲಿಗೆ ಮೆತ್ತಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದರು, ದಾರಿಗೆ ನೇರವಾಗಿ ಇಟ್ಟರು, ಹಿಂದೆ ಸರಿದು ನಿಂತರು. ತಲೆ ಎತ್ತಿ ನನ್ನ ಕಡೆ ನೋಡಲೂ ಇಲ್ಲ. ನಾನು ಹೊರಡುವುದನ್ನು ಕಾಯುತ್ತಿದ್ದರು.